ಯಾವುದು ವಯಸ್ಸು, ಯಾವುದು ಕಾಯಿಲೆ: ಮನೆಯ ಹಿರಿಯರಿಗೂ ಅವರ ಮಕ್ಕಳಿಗೂ ಒಂದು ಮಾರ್ಗದರ್ಶಿ

"ವಯಸ್ಸಾಯ್ತಲ್ಲ, ಇನ್ನೇನು?" ನಮ್ಮ ಮನೆಗಳಲ್ಲಿ ಈ ಮಾತು ದಿನಕ್ಕೊಮ್ಮೆಯಾದರೂ ಕೇಳಿಸುತ್ತದೆ. ಮಂಡಿ ನೋವಿಗೂ ಅದೇ, ಮರೆವಿಗೂ ಅದೇ, ಊಟ ಸೇರದಿದ್ದರೂ ಅದೇ. ಕೆಲವು ಸಲ ಮಾತು ನಿಜ. ಆದರೆ ವಿಟಮಿನ್ ಬಿ12 ಕಡಿಮೆಯಾಗಿ ಮಂಕಾದವರನ್ನು "ಅರಳು ಮರುಳು" ಅಂತ ಬಿಟ್ಟುಬಿಡುವುದೂ ಇದೇ ಮಾತಿನಿಂದ. ಕಿವಿಯಲ್ಲಿ ಗುಗ್ಗೆ ಕಟ್ಟಿಕೊಂಡವರಿಗೆ ಕಿವುಡರ ಪಟ್ಟ ಕಟ್ಟುವುದೂ ಇದರಿಂದಲೇ. ಎರಡೂ ಸರಿಹೋಗುವ ತೊಂದರೆಗಳು.

ಹಾಗಂತ ಎಲ್ಲದಕ್ಕೂ ಆಸ್ಪತ್ರೆಗೆ ಓಡಬೇಕಾಗಿಲ್ಲ. ಕೆಲವಕ್ಕೆ ಮನೆಯನ್ನು ಸ್ವಲ್ಪ ಬದಲಾಯಿಸಿದರೆ ಸಾಕು. ಕೆಲವಕ್ಕೆ ಊಟ, ಓಡಾಟ ಬದಲಾಗಬೇಕು. ಕೆಲವನ್ನು ಮಾತ್ರ ಡಾಕ್ಟರಿಗೆ ತೋರಿಸಲೇಬೇಕು. ಇವನ್ನು ಬೇರೆ ಬೇರೆ ಮಾಡಿ ನೋಡುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ.

ಮೊದಲ ಹೆಜ್ಜೆ: "ಯಾವಾಗಿನಿಂದ?" ಅಂತ ಕೇಳಿ

ಏನೇ ತೊಂದರೆ ಇರಲಿ, ಮೊದಲು ಕೇಳಬೇಕಾದ್ದು ಇದನ್ನೇ. ವಯಸ್ಸು ನಿಧಾನವಾಗಿ ಬರುತ್ತದೆ. ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಸಾಮಾನ್ಯವಾಗಿ ದೇಹದ ಎರಡೂ ಕಡೆ ಒಂದೇ ರೀತಿ ಕಾಣಿಸಿಕೊಳ್ಳುತ್ತದೆ. ಎರಡೂ ಕಿವಿ ಮಂದ, ಎರಡೂ ಕಣ್ಣು ಮಂಜು, ನಡಿಗೆ ಸ್ವಲ್ಪ ನಿಧಾನ. ಹೋದ ತಿಂಗಳು ಚೆನ್ನಾಗಿದ್ದವರು ಈ ತಿಂಗಳು ಸೊರಗಿದರೆ ಅದನ್ನು ವಯಸ್ಸಿನ ಮೇಲೆ ಹಾಕಬೇಡಿ. ಮೊನ್ನೆ ಲೆಕ್ಕ ಬರೆಯುತ್ತಿದ್ದವರು ಇವತ್ತು ಮೊಮ್ಮಗನ ಗುರುತು ಹಿಡಿಯದಿದ್ದರೆ ಅದಂತೂ ಖಂಡಿತ ವಯಸ್ಸಲ್ಲ.

ಆದ್ದರಿಂದ ಒಂದು ಅಂದಾಜು ಹೀಗಿಟ್ಟುಕೊಳ್ಳಿ. ವರ್ಷಗಳಿಂದ ನಿಧಾನವಾಗಿ ಬಂದಿದ್ದನ್ನು ಮುಂದಿನ ಚೆಕಪ್ಪಿನಲ್ಲಿ ಹೇಳಿ. ವಾರ, ತಿಂಗಳಲ್ಲಿ ಬಂದಿದ್ದನ್ನು ಈ ವಾರವೇ ತೋರಿಸಿ. ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಬಂದಿದ್ದಾದರೆ ಅವತ್ತೇ ಹೊರಡಿ.

ಇದಕ್ಕೊಂದು ಸಣ್ಣ ನೋಟ್‌ಬುಕ್ ಇಡಿ. ತಿಂಗಳಿಗೊಮ್ಮೆ ತೂಕ, ಬಿಪಿ, ಶುಗರ್ ಇದ್ದರೆ ಅದರ ಲೆಕ್ಕ, ಮತ್ತೆ "ಹೊಸದೇನು" ಅಂತ ಒಂದು ಸಾಲು. ಇದರಲ್ಲಿ ತೂಕ ತುಂಬಾ ಮುಖ್ಯ. ಪ್ರಯತ್ನಪಡದೆ ಆರು ತಿಂಗಳು, ವರ್ಷದೊಳಗೆ ಶೇಕಡಾ 5ರಷ್ಟು ತೂಕ ಇಳಿದರೆ, ಅಂದರೆ 60 ಕೆ.ಜಿ. ಇದ್ದವರು 57ಕ್ಕೆ ಬಂದರೆ, ಕಾರಣ ಹುಡುಕಲೇಬೇಕು. ಥೈರಾಯ್ಡ್, ಶುಗರ್, ಟಿಬಿ, ಕ್ಯಾನ್ಸರ್, ಖಿನ್ನತೆ, ಹಲ್ಲು ನೋವು, ಯಾವುದೂ ಇರಬಹುದು. ರವಿಕೆ ಸಡಿಲವಾಗಿದೆ, ಉಂಗುರ ಜಾರುತ್ತಿದೆ ಅಂದರೂ ಅದು ತೂಕದ ಲೆಕ್ಕವೇ.

ಎರಡನೇ ಹೆಜ್ಜೆ: ಮಾತ್ರೆಯ ಕವರನ್ನು ಮೇಜಿನ ಮೇಲೆ ಸುರಿಯಿರಿ

ನನ್ನನ್ನು ಕೇಳಿದರೆ, ಯಾವ ಟೆಸ್ಟಿಗೂ ಮೊದಲು ಮಾಡಬೇಕಾದ ಕೆಲಸ ಇದು. ತಲೆಸುತ್ತು, ಮಂಕು, ಮಲಬದ್ಧತೆ, ಬಾಯಿ ಒಣಗುವುದು, ಕಾಲು ಊತ, ಬೀಳುವುದು, ಇವಕ್ಕೆಲ್ಲ ಮಾತ್ರೆಯೇ ಕಾರಣ ಆಗಿರಬಹುದು.

ಪ್ರತಿ ಮನೆಯಲ್ಲೂ ಒಂದು ಕವರ್ ಇರುತ್ತದೆ, ಅಲ್ವಾ? ಮೆಡಿಕಲ್ ಶಾಪಿನ ಪ್ಲಾಸ್ಟಿಕ್ ಕವರ್, ಬಾಯಿಗೆ ರಬ್ಬರ್ ಬ್ಯಾಂಡ್. ನಮ್ಮ ಅತ್ತೆಯ ಕವರನ್ನು ಒಮ್ಮೆ ಮೇಜಿನ ಮೇಲೆ ಸುರಿದು ಒಂದೊಂದೇ ಸ್ಟ್ರಿಪ್ ತಿರುಗಿಸಿ ನೋಡಿದೆವು. ಒಂದು ನೀಲಿ ಸ್ಟ್ರಿಪ್, ಒಂದು ಬೆಳ್ಳಿ ಬಣ್ಣದ್ದು. ಕಂಪನಿ ಬೇರೆ, ಹೆಸರು ಬೇರೆ. ಒಂದನ್ನು ಸಿಟಿಯ ಹೃದಯದ ಡಾಕ್ಟರ್ ಬರೆದಿದ್ದರು, ಇನ್ನೊಂದನ್ನು ಊರಿನ ಕ್ಲಿನಿಕ್ಕಿನವರು. ಸಣ್ಣ ಅಕ್ಷರ ಓದಿದರೆ ಎರಡರಲ್ಲೂ ಬಿಪಿ ಇಳಿಸುವ ಒಂದೇ ಔಷಧಿ, ಟೆಲ್ಮಿಸಾರ್ಟಾನ್! ಬೆಳಿಗ್ಗೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ ಅಂತ ಅವರು ಹೇಳುತ್ತಿದ್ದುದರ ಗುಟ್ಟು ಅಲ್ಲಿತ್ತು. ವಿಷಯ ತಿಳಿಸಿದ ಮೇಲೆ ಡಾಕ್ಟರು ಒಂದನ್ನು ನಿಲ್ಲಿಸಿದರು.

ನೀವೂ ಹೀಗೆ ಮಾಡಿ. ದೊಡ್ಡಕ್ಷರದ ಕಂಪನಿ ಹೆಸರು ಬಿಡಿ, ಸಣ್ಣಕ್ಷರದ ಔಷಧಿ ಹೆಸರು ಓದಿ. ಒಂದೇ ಮಾತ್ರೆಯಲ್ಲಿ ಎರಡು, ಮೂರು ಔಷಧಿ ಸೇರಿರುವುದೂ ಉಂಟು. ಒಂದು ಹಾಳೆಯಲ್ಲಿ ಪಟ್ಟಿ ಮಾಡಿ: ಹೆಸರು, ಎಷ್ಟು ಮಿ.ಗ್ರಾಂ, ಯಾವ ಹೊತ್ತು, ಯಾರು ಬರೆದಿದ್ದು, ಯಾಕೆ. "ಯಾಕೆ" ಅನ್ನುವ ಕಡೆ ಖಾಲಿ ಉಳಿದ ಮಾತ್ರೆಗಳ ಬಗ್ಗೆ ಡಾಕ್ಟರನ್ನು ಕೇಳಿ. ಲೇಹ್ಯ, ಕಷಾಯ, ನಾಟಿ ಔಷಧಿಯನ್ನೂ ಬರೆಯಿರಿ. ಮಂಡಿ ನೋವಿಗೆ ಅಂತ ಪೊಟ್ಟಣದಲ್ಲಿ ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿದ್ದು ಸಿಕ್ಕಿಬಿದ್ದಿರುವುದುಂಟು. ಅಷ್ಟು ಬೇಗ ನೋವು ಮಾಯ ಆಯಿತು ಅಂದರೇನೇ ಅನುಮಾನ ಪಡಬೇಕು.

ಮೂರು ಬಗೆಯ ಮಾತ್ರೆಗಳ ಮೇಲೆ ಕಣ್ಣಿಡಿ:

- ನೋವಿನ ಮಾತ್ರೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್. ದಿನಾ ನುಂಗಿದರೆ ಕಿಡ್ನಿಗೆ ಏಟು, ಹೊಟ್ಟೆಯಲ್ಲಿ ಹುಣ್ಣು, ಬಿಪಿ ಜಾಸ್ತಿ. ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ನುಂಗುವ ಪದ್ಧತಿ ನಿಲ್ಲಬೇಕು.
- ನಿದ್ದೆಯ ಮಾತ್ರೆ. ಆಲ್‌ಪ್ರಜೋಲಾಮ್, ಕ್ಲೋನಜೆಪಾಮ್. ರಾತ್ರಿ ಎದ್ದಾಗ ತೂರಾಡಿಸುತ್ತವೆ, ಬೆಳಿಗ್ಗೆ ಮಂಕು ಮಾಡುತ್ತವೆ. ಆದರೆ ತುಂಬಾ ದಿನದಿಂದ ತಗೊಳ್ಳುತ್ತಿದ್ದರೆ ದಿಢೀರ್ ನಿಲ್ಲಿಸಬೇಡಿ. ಡಾಕ್ಟರು ಹೇಳಿದಂತೆ ಹಂತ ಹಂತವಾಗಿ ಇಳಿಸಬೇಕು.
- ನೆಗಡಿ ಮಾತ್ರೆ. ಕ್ಲೋರ್‌ಫೆನಿರಮಿನ್ ಇರುವ ನೆಗಡಿ ಮಾತ್ರೆ ವಯಸ್ಸಾದ ಗಂಡಸರಲ್ಲಿ ಮೂತ್ರವನ್ನೇ ಕಟ್ಟಿಸಬಹುದು.

ಶುಗರ್ ಇದ್ದವರ ಏಕಾದಶಿ, ಸಂಕಷ್ಟಿಯ ಉಪವಾಸದ ಬಗ್ಗೆ ಒಂದು ಮಾತು. ಊಟ ಬಿಟ್ಟು ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿದರೆ, ಇನ್ಸುಲಿನ್ ಚುಚ್ಚಿಕೊಂಡರೆ ಶುಗರ್ ಕುಸಿಯುತ್ತದೆ. ಬೆವರು, ನಡುಕ, ಅಸಂಬದ್ಧ ಮಾತು ಇದರ ಲಕ್ಷಣ. 70ಕ್ಕಿಂತ ಕೆಳಗೆ ಇಳಿದಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ. ಉಪವಾಸ ಬಿಡಲೇಬೇಕು ಅಂತಲ್ಲ, ಅವತ್ತಿನ ಮಾತ್ರೆ ಏನು ಮಾಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಮೂರನೇ ಹೆಜ್ಜೆ: ಮಂಚದಿಂದ ಬಚ್ಚಲಿನವರೆಗೆ ನಡೆದು ನೋಡಿ

ವಯಸ್ಸಾದವರ ಬದುಕನ್ನು ಒಂದೇ ದಿನದಲ್ಲಿ ಬದಲಾಯಿಸಿಬಿಡುವುದು ಬೀಳುವುದು. ಸೊಂಟದ ಮೂಳೆ ಮುರಿದರೆ ಆಪರೇಷನ್, ಹಾಸಿಗೆ, ಆಮೇಲೆ ಒಂಟಿಯಾಗಿ ಓಡಾಡಲು ಭಯ. ಹೆಚ್ಚಿನ ಸಲ ಬೀಳುವುದು ರಸ್ತೆಯಲ್ಲಲ್ಲ, ಮನೆಯೊಳಗೇ.

ರಾತ್ರಿ ದೀಪ ಆರಿಸಿ, ಅವರು ಮಲಗುವ ಮಂಚದ ಮೇಲೆ ನೀವೇ ಮಲಗಿ, ಎದ್ದು ಬಚ್ಚಲಿಗೆ ಹೋಗಿಬನ್ನಿ. ಸ್ವಿಚ್ ಕೈಗೆ ಸಿಗುತ್ತದಾ? ಕಾಲೊರಸು ಜಾರುತ್ತದಾ? ಹೊಸ್ತಿಲು ಕಾಣುತ್ತದಾ? ಸ್ಟೂಲು, ನೀರಿನ ಬಾಟಲಿ, ಚಾರ್ಜರ್ ವೈರು ಏನಾದರೂ ಕಾಲಿಗೆ ಸಿಗುತ್ತದಾ? ಹತ್ತು ನಿಮಿಷದಲ್ಲಿ ಎಲ್ಲಾ ಗೊತ್ತಾಗುತ್ತದೆ.

ಆಮೇಲೆ ಮಾಡಬೇಕಾದ್ದು. ಮಂಚದಿಂದ ಬಚ್ಚಲಿನವರೆಗೆ ಸಣ್ಣ ನೈಟ್ ಲ್ಯಾಂಪ್ ರಾತ್ರಿಯಿಡೀ ಉರಿಯಲಿ. ಹೊಸ್ತಿಲಿಗೆ, ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಬಳಿಯಿರಿ. ಕಮೋಡಿನ ಪಕ್ಕ, ಸ್ನಾನ ಮಾಡುವ ಜಾಗದಲ್ಲಿ ಗೋಡೆಗೆ ಕೊರೆದು ಗಟ್ಟಿ ಹಿಡಿಕೆ ಹಾಕಿಸಿ. ಟವಲ್ ಹಾಕುವ ರಾಡನ್ನೇ ಹಿಡಿದುಕೊಳ್ಳಲಿ ಬಿಡಿ ಅಂದುಕೊಳ್ಳಬೇಡಿ, ಮನುಷ್ಯನ ಭಾರಕ್ಕೆ ಅದು ಕಿತ್ತು ಬರುತ್ತದೆ. ಮಂಡಿ ಬಗ್ಗದವರಿಗೆ ಸ್ನಾನದ ಮಣೆ ಬೇಡ, ಏಳಲು ಕಷ್ಟ. ಕಾಲಿಗೆ ರಬ್ಬರ್ ಬುಷ್ ಇರುವ, ಎತ್ತರದ, ಗಟ್ಟಿ ಸ್ಟೂಲು ಇಡಿ. ಕುಕ್ಕರಗಾಲಿನಲ್ಲಿ ಕೂರುವ ಪಾಯಿಖಾನೆಯಾದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಬಚ್ಚಲಿನ ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ಹಬ್ಬದ ಎಣ್ಣೆ ಸ್ನಾನದ ದಿನವಂತೂ ಜಾಸ್ತಿ ಹುಷಾರು. ಅಂಗಾಲಿಗೆ ಎಣ್ಣೆ ಹಚ್ಚುವುದು ಕೂತಲ್ಲೇ, ಒರೆಸುವುದೂ ಕೂತಲ್ಲೇ.

ಸವೆದ ಹವಾಯಿ ಚಪ್ಪಲಿ ಎಸೆಯಿರಿ. ಪಂಚೆ, ಸೀರೆ, ನೈಟಿ ಪಾದಕ್ಕೆ ಸಿಕ್ಕದಂತೆ ಹರಡಿಗಿಂತ ಮೇಲಿರಲಿ. ಓದುವುದಕ್ಕೂ ದೂರಕ್ಕೂ ಸೇರಿಸಿದ ಕನ್ನಡಕ ಹಾಕಿ ಮೆಟ್ಟಿಲು ಇಳಿಯುವಾಗ ಕೆಳಗಿನ ಗಾಜಿನಲ್ಲಿ ಮೆಟ್ಟಿಲು ಮಸುಕಾಗುತ್ತದೆ. ತಲೆ ಬಗ್ಗಿಸಿ ಮೇಲಿನ ಗಾಜಿನಿಂದ ನೋಡಲು ಹೇಳಿ.

ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತದೆ ಅನ್ನುವವರಿಗೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಐದು ನಿಮಿಷ ಮಲಗಿದ ಮೇಲೆ ಬಿಪಿ ನೋಡಿ. ನಿಂತು ಒಂದು ನಿಮಿಷಕ್ಕೆ ಮತ್ತೆ ನೋಡಿ, ಮೂರು ನಿಮಿಷಕ್ಕೆ ಇನ್ನೊಮ್ಮೆ. ಪಕ್ಕದಲ್ಲಿ ಒಬ್ಬರು ಇರಲಿ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ತಿಳಿಸಿ. ಅಲ್ಲಿಯವರೆಗೆ ಏಳುವುದು ಮೂರು ಹಂತದಲ್ಲಿ: ಮಗ್ಗುಲಾಗಿ ಎದ್ದು ಕೂರುವುದು, ಕಾಲು ಇಳಿಬಿಟ್ಟು ಪಾದ ಆಡಿಸುತ್ತಾ ಒಂದು ನಿಮಿಷ, ಆಮೇಲೆ ಏನನ್ನಾದರೂ ಹಿಡಿದು ನಿಲ್ಲುವುದು.

ಬಿದ್ದೇ ಬಿಟ್ಟರೆ? ಕೈ ಹಿಡಿದು ದರದರ ಎಳೆದು ಎಬ್ಬಿಸಬೇಡಿ. ಮೊದಲು ಮಾತಾಡಿಸಿ. ಕಾಲು ಊರಲಾಗುತ್ತಿಲ್ಲ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದೆ ಅಂದರೆ ಸೊಂಟದ ಮೂಳೆ ಮುರಿದಿರಬಹುದು. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ತಲೆಗೆ ಏಟು ಬಿದ್ದಿದ್ದು, ಅವರು ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಾದರೆ, ಚೆನ್ನಾಗಿಯೇ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ.

ನಾಲ್ಕನೇ ಹೆಜ್ಜೆ: ಕಾಲಿಗೆ ಬಲ ತುಂಬಿ

ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ. ಇದು ನಿಜಕ್ಕೂ ವಯಸ್ಸಿನದೇ ಬದಲಾವಣೆ. ಆದರೆ 80ರಲ್ಲೂ ವ್ಯಾಯಾಮ ಮಾಡಿದರೆ ಬಲ ಬರುತ್ತದೆ. "ಅಮ್ಮ, ನೀನು ಕೂತ್ಕೋ, ನಾನು ಮಾಡ್ತೀನಿ" ಅನ್ನುವ ನಮ್ಮ ಪ್ರೀತಿ ಈ ವಿಷಯದಲ್ಲಿ ಶತ್ರು. ಕಾಳು ಸುಲಿಯುವುದು, ಹೂ ಕೀಳುವುದು, ಬಟ್ಟೆ ಮಡಚುವುದು, ಅಂಗಡಿಗೆ ಹೋಗಿಬರುವುದು, ಆಗುವಷ್ಟನ್ನು ಅವರಿಂದ ಕಿತ್ತುಕೊಳ್ಳಬೇಡಿ.

ಬಲ ಎಷ್ಟಿದೆ ಅಂತ ನೋಡಲು ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಕೈ ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. 70ರಿಂದ 74ರ ಹೆಂಗಸರು 10ಕ್ಕಿಂತ ಕಡಿಮೆ, ಗಂಡಸರು 12ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಚೆಂದ ಏನೆಂದರೆ ಈ ಪರೀಕ್ಷೆಯೇ ವ್ಯಾಯಾಮ ಕೂಡ. ದಿನಾ ಹತ್ತು ಸಲ ಎದ್ದು ಕೂತು, ಸುಧಾರಿಸಿಕೊಂಡು, ಮತ್ತೆ ಹತ್ತು ಸಲ. ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ನೇರ ಚಾಚಿ ಐದು ಸೆಕೆಂಡು ಹಿಡಿಯುವುದು, ಮಂಡಿ ನೋವಿಗೆ ಇದು ತುಂಬಾ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೂ ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಎರಡು ದಿನ ಬಲದ ವ್ಯಾಯಾಮ, ಮೂರು ದಿನ ಸಮತೋಲದ ಅಭ್ಯಾಸ ಇರಲಿ ಅನ್ನುತ್ತದೆ. ಎದೆನೋವು, ಉಬ್ಬಸ ಇದ್ದವರು ಮೊದಲು ಡಾಕ್ಟರನ್ನು ಕೇಳಿ.

ಬರೀ ವ್ಯಾಯಾಮದಿಂದ ಆಗುವುದಿಲ್ಲ, ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇಲ್ಲದ ಹಿರಿಯರಿಗೆ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1ರಿಂದ 1.2 ಗ್ರಾಂ. 60 ಕೆ.ಜಿ. ಇದ್ದವರಿಗೆ 60, 70 ಗ್ರಾಂ. ಈಗ ನಮ್ಮ ಅಜ್ಜಿಯರ ತಟ್ಟೆ ನೋಡಿ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನಕ್ಕೆ ತಿಳಿಸಾರು, ಸಂಜೆ ಬಿಸ್ಕತ್ತು ಕಾಫಿ, ರಾತ್ರಿ ಮಜ್ಜಿಗೆ ಅನ್ನ. ಬೇಳೆ ಪಾತ್ರೆಯ ತಳದಲ್ಲೇ ಉಳಿಯಿತು! ತಿಳಿ ಬೇಡ, ತಳದ ಬೇಳೆ ಬಡಿಸಿ. ಒಂದು ಬಟ್ಟಲು ಗಟ್ಟಿ ತೊವ್ವೆಯಲ್ಲಿ ಸುಮಾರು 7 ಗ್ರಾಂ, ಒಂದು ಲೋಟ ಹಾಲಿನಲ್ಲಿ 6, ಒಂದು ಮೊಟ್ಟೆಯಲ್ಲಿ 6, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7. ಮೊಳಕೆ ಹೆಸರುಕಾಳು, ಹುರುಳಿಕಾಳಿನ ಬಸ್ಸಾರು, ಮೊಸರು, ತಿನ್ನುವವರಿಗೆ ಮೀನು. ಹಲ್ಲಿಲ್ಲದವರಿಗೆ ಹುರಿಗಡಲೆ ಚಟ್ನಿಪುಡಿಯನ್ನು ಮೊಸರಿಗೆ ಕಲಸಿ ಕೊಡಿ. ರಾಗಿಯನ್ನಂತೂ ಬಿಡಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಮೂಳೆಗೆ ಬೇಕಾದ್ದು ಅದೇ. ಬೆಳಗಿನ ಬಿಸಿಲಿನಲ್ಲಿ ಕೂರುವುದೂ ಒಳ್ಳೆಯದು. ಆದರೆ 60,000 ಯುನಿಟ್‌ನ ವಿಟಮಿನ್ ಡಿಯನ್ನು ಯಾರೋ ಹೇಳಿದರು ಅಂತ ವರ್ಷಗಟ್ಟಲೆ ನುಂಗಬೇಡಿ, ಜಾಸ್ತಿಯಾದರೆ ಅದೂ ವಿಷ.

ವಯಸ್ಸಾದಂತೆ ರುಚಿ, ವಾಸನೆ ಮಂದವಾಗುತ್ತದೆ. "ಸಾರಿಗೆ ಉಪ್ಪೇ ಇಲ್ಲ" ಅನ್ನುವುದು ಸೊಸೆಯ ಮೇಲಿನ ಸಿಟ್ಟಲ್ಲ ಮಾರಾಯ್ರೇ, ನಾಲಿಗೆಯ ಕತೆ. ಉಪ್ಪಿನ ಬದಲು ನಿಂಬೆಹುಳಿ, ಕರಿಬೇವು, ಇಂಗು, ಮೆಣಸು ಹೆಚ್ಚಿಸಿ ನೋಡಿ.

ಬಾಯಾರಿಕೆಯೂ ಕಡಿಮೆಯಾಗುತ್ತದೆ. ನೀರು ಬೇಕು ಅಂತ ದೇಹ ಹೇಳುವ ಹೊತ್ತಿಗೆ ತಡವಾಗಿರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇದೇ ಜೀವಕ್ಕೆ ಮುಳುವು. ಕೇಳಿದಾಗ ಕೊಡೋಣ ಅಂತ ಕಾಯದೆ ಗಂಟೆಗೊಮ್ಮೆ ಅರ್ಧ ಲೋಟ ನೀರು, ಮಜ್ಜಿಗೆ, ಗಂಜಿ ಏನಾದರೂ ಕೊಡಿ. ಹೃದಯ, ಕಿಡ್ನಿ ತೊಂದರೆ ಇದ್ದು ನೀರಿಗೆ ಮಿತಿ ಹೇಳಿದ್ದರೆ ಮಾತ್ರ ಆ ಮಿತಿಯೊಳಗೆ.

ಐದನೇ ಹೆಜ್ಜೆ: ಕಣ್ಣು, ಕಿವಿ

40ರ ಆಸುಪಾಸಿಗೆ ಚಾಳೀಸು ಬರುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಬೆಳಕಿನ ವಿಷಯ. 20ರವರ ಕಣ್ಣಿನೊಳಗೆ ಹೋಗುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ 60ರವರ ಕಣ್ಣಿನೊಳಗೆ ಹೋಗುತ್ತದೆ. ನಿಮಗೆ ಸಾಕಾದ ಬಲ್ಬು ಅವರಿಗೆ ಸಾಲದು. ಓದುವ ಜಾಗಕ್ಕೆ, ಒಲೆಯ ಮೇಲೆ, ಮಾತ್ರೆ ಇಡುವಲ್ಲಿ ಒಂದೊಂದು ಲೈಟು ಜಾಸ್ತಿ ಹಾಕಿ.

ಪೊರೆ "ಹಣ್ಣಾಗಲಿ" ಅಂತ ಕಾಯುವುದು ಹಳೆಯ ಕಾಲದ ಮಾತು. ದಿನದ ಕೆಲಸಕ್ಕೆ ತೊಂದರೆಯಾದರೆ ಆಪರೇಷನ್ ಮಾಡಿಸಬಹುದು, ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು. ನಿಧಾನವಾಗಿ ಬರುವುದು ವಯಸ್ಸು ಅಂದೆನಲ್ಲ, ಗ್ಲಾಕೋಮಾ ಅದಕ್ಕೆ ಅಪವಾದ. ಅದು ಸದ್ದಿಲ್ಲದೆ ನೋಟದ ಅಂಚನ್ನು ತಿನ್ನುತ್ತದೆ, ಕಳೆದುಹೋದ ನೋಟ ವಾಪಸ್ ಬರುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ನೋಡಿಸಿ. ಶುಗರ್ ಇದ್ದವರು ರೆಟಿನಾ ಪರೀಕ್ಷೆಯನ್ನೂ ಮಾಡಿಸಬೇಕು. ಕಣ್ಣಿಗೆ ಪರದೆ ಬಿದ್ದಂತಾದರೆ, ಮಿಂಚು ಹೊಡೆದಂತಾದರೆ, ಕೆಂಪಾಗಿ ಸಿಕ್ಕಾಪಟ್ಟೆ ನೋವಾದರೆ ಅವತ್ತೇ ತೋರಿಸಿ.

ಕಿವಿಯ ವಿಷಯದಲ್ಲಿ ಮನೆಯವರು ಮಾಡುವ ಒಂದೇ ಕೆಲಸ ಕಿರುಚುವುದು. ಅದು ಉಪಯೋಗಕ್ಕೆ ಬರುವುದಿಲ್ಲ. ವಯಸ್ಸಾದಂತೆ ಮೊದಲು ಹೋಗುವುದು ಕೀರಲು ದನಿಗಳು. ಸ, ಶ, ತ, ಕದಂಥ ಸಣ್ಣ ಸದ್ದಿನ ವ್ಯಂಜನಗಳು ಜಾರಿಹೋಗುತ್ತವೆ, ಸ್ವರಗಳು ಉಳಿಯುತ್ತವೆ. ಹಾಗಾಗಿ "ಸಾರು ಬೇಕಾ" ಅಂದರೆ "ಕಾರು ಯಾಕೆ" ಅಂತಾರೆ. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. "ಬೇಕಾದ್ದು ಮಾತ್ರ ಕೇಳಿಸುತ್ತೆ ಇವರಿಗೆ" ಅಂತ ಆಡಿಕೊಳ್ಳುವವರಿಗೆ ಇದು ತಿಳಿದಿರಲಿ.

ಟಿವಿ, ಮಿಕ್ಸಿ ನಿಲ್ಲಿಸಿ. ಎದುರಿಗೆ ಬಂದು, ಮುಖ ಕಾಣುವಂತೆ, ಸ್ವಲ್ಪ ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದೇ ಪದವನ್ನು ಜೋರಾಗಿ ಹೇಳುವ ಬದಲು ಬೇರೆ ಪದದಲ್ಲಿ ಹೇಳಿ. ಹೇರ್‌ಪಿನ್, ಕಡ್ಡಿ ಹಾಕಿ ಕೆರೆಯುವುದು, ಬಿಸಿ ಎಣ್ಣೆ ಬಿಡುವುದು ಬೇಡ. ಕಿವಿ ಡಾಕ್ಟರ ಹತ್ತಿರ ಗುಗ್ಗೆ ತೆಗೆಸಿದರೆ ಕೆಲವರಿಗೆ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ ಮೆಷಿನ್ ಹಾಕಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಮೆಷಿನ್ನಿಗೆ ಒಗ್ಗಿಕೊಳ್ಳಲು ವಾರಗಳು ಬೇಕು. ಮೊದಲ ದಿನವೇ "ಬರೀ ಗಲಾಟೆ" ಅಂತ ಡಬ್ಬಿಗೆ ಹಾಕಿದರೆ ದುಡ್ಡು ದಂಡ. ಮೊದಲು ದಿನಕ್ಕೆ ಒಂದು ಗಂಟೆ, ಮನೆಯೊಳಗೆ, ಆಮೇಲೆ ಜಾಸ್ತಿ ಮಾಡಿ. ಒಂದು ಕಿವಿ ಮಾತ್ರ ಇದ್ದಕ್ಕಿದ್ದಂತೆ ಕೇಳದೆ ಹೋದರೆ ತುರ್ತು, ಒಂದೆರಡು ದಿನದೊಳಗೆ ತೋರಿಸಿದರೆ ಉಳಿಸುವ ಸಾಧ್ಯತೆ ಜಾಸ್ತಿ.

ಆರನೇ ಹೆಜ್ಜೆ: ರಾತ್ರಿಯ ತೊಂದರೆಗಳು, ಹೇಳಿಕೊಳ್ಳದ ತೊಂದರೆಗಳು

ಎಂಟಕ್ಕೆ ತೂಕಡಿಕೆ, ಮೂರೂವರೆಗೆ ಎಚ್ಚರ. ಇದನ್ನು ನಿದ್ದೆ ಇಲ್ಲ ಅಂತ ಕರೆಯಬೇಡಿ, ನಿದ್ದೆಯ ಹೊತ್ತು ಹಿಂದಕ್ಕೆ ಸರಿದಿದೆ ಅಷ್ಟೇ. ಸಂಜೆ ಬೆಳಕಿನಲ್ಲಿ ಓಡಾಡಿ, ಒಂಬತ್ತೂವರೆವರೆಗೆ ಎಳೆಯಿರಿ. ಹಗಲು ನಿದ್ದೆ ಅರ್ಧ ಗಂಟೆ, ಮೂರು ಗಂಟೆಯೊಳಗೆ ಮುಗಿಯಲಿ. ಸಂಜೆಯ ಕಾಫಿ ಬಿಡಲು ಹೇಳುವುದು ಮೈಸೂರು ಕಡೆಯವರಿಗೆ ಶಿಕ್ಷೆಯೇ. ಮೂರು ಗಂಟೆಗೇ ಕುಡಿದುಬಿಡಿ.

ರಾತ್ರಿ ಒಂದೆರಡು ಸಲ ಮೂತ್ರಕ್ಕೆ ಏಳುವುದು ಈ ವಯಸ್ಸಿನಲ್ಲಿ ಸಾಮಾನ್ಯ. ಅದಕ್ಕಿಂತ ಜಾಸ್ತಿಯಾದರೆ ತೋರಿಸಿ. ಸಂಜೆ ಕಾಲು ಊದುವವರು ಮಧ್ಯಾಹ್ನ ಕಾಲು ಎತ್ತರಿಸಿ ಮಲಗಿದರೆ ಆ ನೀರು ಹಗಲೇ ಹೋಗುತ್ತದೆ. ಗಂಡಸರಿಗೆ ಧಾರೆ ಸಣ್ಣಗಾಗುವುದು, ತಿಣುಕಬೇಕಾಗುವುದು ಪ್ರಾಸ್ಟೇಟ್ ಗ್ರಂಥಿ ಊದಿದ್ದರಿಂದ ಇರಬಹುದು, ಅದಕ್ಕೆ ಔಷಧಿ ಇದೆ. ಮೂತ್ರ ಪೂರ್ತಿ ಕಟ್ಟಿದರೆ ಅಥವಾ ರಕ್ತ ಬಂದರೆ ಕಾಯಬೇಡಿ.

ಹೆಂಗಸರದು ಇನ್ನೊಂದು ಕಷ್ಟ. ಕೆಮ್ಮಿದರೆ, ಸೀನಿದರೆ ಸೀರೆ ಒದ್ದೆ. ಯಾರಿಗೂ ಹೇಳುವುದಿಲ್ಲ. ಮದುವೆಮನೆ, ದೇವಸ್ಥಾನ, ಬಸ್ ಪ್ರಯಾಣ ಒಂದೊಂದಾಗಿ ಬಿಡುತ್ತಾರೆ. "ಮೊದಲಿನ ಹಾಗೆ ಎಲ್ಲೂ ಬರಲ್ಲ ಅಮ್ಮ" ಅನ್ನಿಸಿದರೆ ಮಗಳೋ ಸೊಸೆಯೋ ಒಬ್ಬರೇ ಇರುವಾಗ ಮೆಲ್ಲಗೆ ಕೇಳಿ. ಮೂತ್ರ ತಡೆಯುವಾಗ ಬಿಗಿ ಹಿಡಿಯುವ ಸ್ನಾಯುವನ್ನು ಐದು ಸೆಕೆಂಡು ಬಿಗಿಹಿಡಿದು, ಐದು ಸೆಕೆಂಡು ಸಡಿಲ ಬಿಡುವುದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು. ಹೆಚ್ಚಿನವರಿಗೆ ಗುಣ ಕಾಣುತ್ತದೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ ಮಾತ್ರ ವ್ಯಾಯಾಮ ಗೀಯಾಮ ಅಂತ ಕೂರದೆ ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಮಲಬದ್ಧತೆಗೆ ನೀರು, ಸೊಪ್ಪು, ಪರಂಗಿಹಣ್ಣು, ಓಡಾಟ. ಇಸಬ್‌ಗೋಲ್ ತಗೊಂಡರೆ ತುಂಬು ಲೋಟ ನೀರು ಕುಡಿಯಲೇಬೇಕು. ಐರನ್, ಕ್ಯಾಲ್ಸಿಯಂ ಮಾತ್ರೆ ಶುರುವಾದ ಮೇಲೆ ಬಂದಿದ್ದಾ ಅಂತ ನೋಡಿ. ಚರ್ಮ ಒಣಗಿ ತುರಿಸುತ್ತಿದ್ದರೆ ಸೋಪು ಕಡಿಮೆ ಮಾಡಿ, ಸ್ನಾನದ ನಂತರ ಮೈ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ಸವರಿ, ಅಂಗಾಲು ಬಿಟ್ಟು. ಹಲ್ಲಿನ ಸೆಟ್ಟು ರಾತ್ರಿ ತೆಗೆದು ನೀರಿನಲ್ಲಿಡಿ. ಎಲೆ ಅಡಿಕೆ, ಹೊಗೆಸೊಪ್ಪು ಹಾಕುವವರ ಬಾಯಲ್ಲಿ ಮೂರು ವಾರಕ್ಕೂ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಅದನ್ನು ಸೆಟ್ಟಿನ ಗಾಯ ಅಂತ ತಳ್ಳಿಹಾಕಬೇಡಿ.

ಏಳನೇ ಹೆಜ್ಜೆ: ಮರೆವು ಮತ್ತು ಮನಸ್ಸು

ಹೆಸರು ನಾಲಿಗೆ ತುದಿಗೆ ಬಂದು ಆಮೇಲೆ ಹೊಳೆದರೆ ಅದು ವಯಸ್ಸು. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ವಯಸ್ಸು. ಕನ್ನಡಕವನ್ನು ಅಕ್ಕಿ ಡಬ್ಬದಲ್ಲಿಟ್ಟು, ಕೆಲಸದವಳು ಕದ್ದಳು ಅನ್ನುವುದು ಬೇರೆ. ಮೂವತ್ತು ವರ್ಷ ಓಡಾಡಿದ ಬೀದಿಯಲ್ಲಿ ದಾರಿ ತಪ್ಪುವುದು, ಕೈ ಪಳಗಿದ ಹುಳಿಯ ಕ್ರಮ ಕಲಸಿಹೋಗುವುದು, ಹತ್ತು ನಿಮಿಷದಲ್ಲಿ ಅದೇ ಪ್ರಶ್ನೆ ಐದು ಸಲ, ಪೆನ್ಷನ್ ಲೆಕ್ಕ ಪದೇ ಪದೇ ತಪ್ಪುವುದು, ಇವನ್ನು ತೋರಿಸಬೇಕು.

ತೋರಿಸಿದ ಕೂಡಲೇ ಡಿಮೆನ್ಷಿಯಾ (ಮರೆಗುಳಿ ಕಾಯಿಲೆ) ಅಂತ ಹೆದರಬೇಡಿ. ಬಿ12 ಕೊರತೆ ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಜಾಸ್ತಿ. ಥೈರಾಯ್ಡ್, ರಕ್ತದಲ್ಲಿ ಸೋಡಿಯಂ ಇಳಿಯುವುದು, ಮಾತ್ರೆಗಳು, ಕಿವಿ ಕೇಳದಿರುವುದು, ಖಿನ್ನತೆ, ಇವೆಲ್ಲ ಮರೆವಿನ ವೇಷ ಹಾಕುತ್ತವೆ. ಮೊದಲು ಇವನ್ನು ನೋಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಕ್ಲಿನಿಕ್ ಇದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳನ್ನು ಶುರು ಮಾಡಿದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಒಂದೆರಡು ದಿನದಲ್ಲೇ ಬಂದ ಗೊಂದಲ ಮಾತ್ರ ಬೇರೆಯೇ ಲೆಕ್ಕ. ರಾತ್ರಿ ಎದ್ದು ಸತ್ತುಹೋದ ಗಂಡನ ಜೊತೆ ಮಾತಾಡುತ್ತಾರೆ, ಬಟ್ಟೆ ಕೀಳುತ್ತಾರೆ, ಇಲ್ಲವೇ ಹಗಲೂ ಮಂಪರಿನಲ್ಲಿರುತ್ತಾರೆ. ಗಾಳಿ ಸೋಕಿದೆ ಅಂತ ತಾಯಿತ ಹುಡುಕುತ್ತಾ ಹೊತ್ತು ಕಳೆಯಬೇಡಿ. ಮೂತ್ರದ ಸೋಂಕು, ನ್ಯುಮೋನಿಯಾ, ನೀರು ಕಡಿಮೆಯಾಗಿದ್ದು, ಸೋಡಿಯಂ ಇಳಿದಿದ್ದು ಇರಬಹುದು. ವಯಸ್ಸಾದವರಿಗೆ ಸೋಂಕಿದ್ದರೂ ಜ್ವರ ಬರದೇ ಇರಬಹುದು. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ಕಾರಣಕ್ಕೆ ಚಿಕಿತ್ಸೆ ಆದರೆ ಹೆಚ್ಚಿನವರು ಮೊದಲಿನಂತಾಗುತ್ತಾರೆ.

ಇನ್ನು ಬೇಸರ. ನಮ್ಮ ಹಿರಿಯರು "ನನಗೆ ಖಿನ್ನತೆ" ಅನ್ನುವುದಿಲ್ಲ. ಮೈಕೈ ನೋವು, ಊಟ ಬೇಡ, ನಿದ್ದೆ ಇಲ್ಲ, "ದೇವರು ಯಾವಾಗ ಕರ್ಕೊಳ್ತಾನೋ" ಅನ್ನುತ್ತಾರೆ. ಎರಡು ವಾರ ದಾಟಿದರೆ ಕಿವಿಗೊಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಕಿರುಕುಳ ಇದೆ, ಪೆನ್ಷನ್ ತೊಂದರೆ ಇದೆ ಅಂದರೆ ಹಿರಿಯರ ಸಹಾಯವಾಣಿ 14567.

ದೂರದೂರಿನಲ್ಲಿ, ಅಮೆರಿಕದಲ್ಲಿ ಇರುವ ಮಕ್ಕಳಿಗೆ ಒಂದು ಸಲಹೆ. "ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಅಂತ ಕೇಳಿದರೆ "ಆಯ್ತು, ಆಯ್ತು" ಅಂತಷ್ಟೇ ಬರುತ್ತದೆ. "ಮಧ್ಯಾಹ್ನಕ್ಕೆ ಏನು ಪಲ್ಯ? ಇವತ್ತು ಯಾರು ಬಂದಿದ್ರು? ರಾತ್ರಿ ಎಷ್ಟು ಸಲ ಎದ್ರಿ?" ಅಂತ ಕೇಳಿ. ವಿಡಿಯೊ ಕಾಲಿನಲ್ಲಿ ಎದ್ದು ಹೋಗಿ ಒಂದು ಲೋಟ ನೀರು ತರಲು ಹೇಳಿ. ಏಳುವ ರೀತಿ, ನಡೆಯುವ ರೀತಿ ಎರಡೂ ಕಾಣುತ್ತದೆ.

ಫ್ರಿಜ್ಜಿನ ಮೇಲೆ ಅಂಟಿಸಬೇಕಾದ್ದು

ಬಾಯಿ ಒಂದು ಕಡೆ ಸೊಟ್ಟ, ಒಂದು ಕೈ ಎತ್ತಲಾಗದು, ಮಾತು ತೊದಲು: ಇದು ಪಾರ್ಶ್ವವಾಯು. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ. ನಾಟಿ ಔಷಧಿ, ಎಣ್ಣೆ ತಿಕ್ಕುವುದು ಅಂತ ಹೋದರೆ ಆ ಹೊತ್ತು ಮುಗಿದುಹೋಗುತ್ತದೆ. ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಈಗಲೇ ತಿಳಿದು ಬರೆದಿಡಿ.

ಹೃದಯಾಘಾತ ವಯಸ್ಸಾದವರಲ್ಲಿ, ಶುಗರ್ ಇದ್ದವರಲ್ಲಿ ಎದೆನೋವೇ ಇಲ್ಲದೆ ಬರಬಹುದು. ಇದ್ದಕ್ಕಿದ್ದಂತೆ ಏದುಸಿರು, ತಣ್ಣನೆ ಬೆವರು, ವಿಪರೀತ ಸುಸ್ತು ಕಂಡರೆ "ಗ್ಯಾಸು" ಅಂತ ಸೋಡಾ ಕುಡಿಸಿ ಕೂರಿಸಬೇಡಿ. ಕಪ್ಪು ಮಲ, ರಕ್ತವಾಂತಿ, ಎಚ್ಚರ ತಪ್ಪುವುದು, ಬಿದ್ದ ಮೇಲೆ ಕಾಲೂರಲಾಗದಿರುವುದು, ಇವೂ ತುರ್ತೇ. ಆಂಬುಲೆನ್ಸಿಗೆ 108.

ಇವುಗಳ ಕೆಳಗೆ ಮಾತ್ರೆಯ ಪಟ್ಟಿ, ಯಾವ ಔಷಧಿ ಒಗ್ಗುವುದಿಲ್ಲ, ಹಳೆಯ ಆಪರೇಷನ್‌ಗಳು, ಪಕ್ಕದ ಮನೆಯವರ ಫೋನ್ ನಂಬರ್ ಇರಲಿ. ಆಸ್ಪತ್ರೆಗೆ ಹೊರಡುವಾಗ ಆ ಹಾಳೆಯ ಜೊತೆಗೆ ಕನ್ನಡಕ, ಕಿವಿಯ ಮೆಷಿನ್, ಹಲ್ಲಿನ ಸೆಟ್ಟು ಒಂದು ಡಬ್ಬಿಗೆ ಹಾಕಿ ತಗೊಂಡು ಹೋಗಿ. ಕಾಣದೆ, ಕೇಳದೆ ಹೊಸ ಜಾಗದಲ್ಲಿ ಮಲಗಿದವರಿಗೆ ರಾತ್ರಿ ಗೊಂದಲ ಜಾಸ್ತಿಯಾಗುತ್ತದೆ.